‘ಹೊಳಪು ಬರುವುದಲ್ಲ ಸ್ವಾಮಿ, ಬಣ್ಣ ಹೋಗುವುದು!’

ಉಲ್ಹಾಸನಗರದ ಪೇಂಟ್ ಮೀಟರ್ ಜೊತೆ ಒಂದು ಕಾಲ್ಪನಿಕ ಸಂದರ್ಶನ

ಕಾರಿನ ಮೈಮೇಲೆ ಎಷ್ಟು ಬಣ್ಣ ಉಳಿದಿದೆ ಎಂದು ಅಳೆಯದೆ ಪಾಲಿಶ್ ಮಷೀನ್ ಕೈಗೆತ್ತಿಕೊಳ್ಳಬಾರದು ಎಂಬುದು ಆ ಕಸುಬಿನ ಮೊದಲ ಪಾಠ. ಯಾವ ಕಸುಬಿನಲ್ಲಾದರೂ ಮೊದಲ ಪಾಠವೆಂಬುದು ಫ್ರೇಮು ಹಾಕಿಸಿ ಗೋಡೆಗೆ ತೂಗಿಹಾಕಲು ಇರುವಂಥದು. ಅದನ್ನು ಪಾಲಿಸುವ ಅಂಗಡಿಯೊಂದು ಉಲ್ಹಾಸನಗರದ ಮೂರನೇ ಕ್ಯಾಂಪಿನಲ್ಲಿ ಇದೆಯಂತೆ ಎಂಬ ವದಂತಿ ಡೊಂಬಿವಲಿಯ ನಮ್ಮ ಕಚೇರಿಗೆ ಮುಟ್ಟಿದ್ದೇ ತಡ, ನಮ್ಮ ಪ್ರತಿನಿಧಿ ಕರ್ಜತ್ ಲೋಕಲ್ ಹತ್ತಿದರು. ಅಂಗಡಿಯ ಮಾಲೀಕರು ‘ಸಾಯಿ’. ಪಾಲಿಶ್ ಮಾಡುವ ಹಿರಿಯ ಕೆಲಸಗಾರರು ‘ಉಸ್ತಾದ್’. ಇವರಿಬ್ಬರ ನಡುವೆ, ಅಂಗೈಯಷ್ಟೇ ಗಾತ್ರದ, ರಬ್ಬರಿನ ಅಂಗಿ ತೊಟ್ಟ, ಮೂತಿಯಲ್ಲಿ ಹೊಳೆಯುವ ಗುಂಡಿಯಿರುವ ಒಬ್ಬರು. ಬಣ್ಣದ ದಪ್ಪವನ್ನು ಮೈಕ್ರಾನ್ ಲೆಕ್ಕದಲ್ಲಿ, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನ ಲೆಕ್ಕದಲ್ಲಿ, ಮುಖ ನೋಡದೆ ಹೇಳಿಬಿಡುವವರು. ಅವರು ಬಿಡುವು ಮಾಡಿಕೊಂಡು ಕೊಟ್ಟ ಸಂದರ್ಶನ ಇದು.

ನಾವು: ನಮಸ್ಕಾರ. ಮೊದಲು ಊರು, ಮನೆತನದ ವಿಚಾರ ಹೇಳಬಹುದೇ?

ಮೀಟರ್: ನಮಸ್ಕಾರ. ಬೆನ್ನ ಮೇಲೆ ‘ಮೇಡ್ ಇನ್ ಯುಎಸ್‌ಎ’ ಅಂತ ಇದೆ. ನಗಬೇಡಿ. ಯುಎಸ್‌ಎ ಎಂದರೆ ಉಲ್ಹಾಸನಗರ ಸಿಂಧಿ ಅಸೋಸಿಯೇಶನ್ ಅಂತ ಇಡೀ ಮುಂಬಯಿ ಆಡಿಕೊಳ್ಳುವುದು ನನಗೂ ಗೊತ್ತು. ನಾನು ಯಾವ ಯುಎಸ್‌ಎಯವನು ಅಂತ ಸಾಯಿಯೂ ಕೇಳಿಲ್ಲ, ನಾನೂ ಹೇಳಿಲ್ಲ. ಬಿಲ್ ಇಲ್ಲದೆ ಬಂದವನು. ಆದರೆ ಅಳತೆ ಸರಿ ಇದೆ. ಈ ಊರಿನಲ್ಲಿ ವಂಶಾವಳಿ ಕೇಳುವವರು ಕಡಿಮೆ, ಕೆಲಸ ಆಗುತ್ತದಾ ಅಂತಲೇ ಕೇಳುತ್ತಾರೆ.

ನಾವು: ಕನ್ನಡ ಚೆನ್ನಾಗಿ ಮಾತಾಡುತ್ತೀರಿ.

ಮೀಟರ್: ಗೋಡೆಯಾಚೆ ಉಡುಪಿ ಹೊಟೇಲು. ಬೆಳಗ್ಗೆ ಕನ್ನಡ, ಮಧ್ಯಾಹ್ನ ಊಟದ ರಶ್ಶಿನಲ್ಲಿ ತುಳು, ಗಿರಾಕಿ ದುಡ್ಡು ಕೊಡದೆ ಎದ್ದರೆ ಮರಾಠಿ. ಕಿವಿಗೆ ಬಿದ್ದದ್ದು ಕಲಿತೆ.

ನಾವು: ನಿಮ್ಮ ಕೆಲಸದ ಗುಟ್ಟೇನು? ಬಣ್ಣವನ್ನು ಕೆರೆಯದೆ ಅದರ ದಪ್ಪ ಹೇಗೆ ತಿಳಿಯುತ್ತದೆ?

ಮೀಟರ್: ಗುಟ್ಟೇನಿಲ್ಲ. ನನ್ನ ಮೂತಿಯೊಳಗೆ ತಂತಿಯ ಸುರುಳಿ ಇದೆ, ಅದರ ಸುತ್ತ ಅಯಸ್ಕಾಂತೀಯ ಕ್ಷೇತ್ರ. ಬಣ್ಣದ ಮೇಲೆ ಮೂತಿ ಒತ್ತಿದರೆ ಅಡಿಯಲ್ಲಿರುವ ಉಕ್ಕಿನ ತಗಡು ಎಷ್ಟು ಹತ್ತಿರವೋ ಅದಕ್ಕೆ ತಕ್ಕಂತೆ ಕ್ಷೇತ್ರ ಬದಲಾಗುತ್ತದೆ. ನನಗೂ ತಗಡಿಗೂ ನಡುವೆ ಇರುವ ದೂರವೇ ಬಣ್ಣದ ದಪ್ಪ. ಕೆಲವು ದುಬಾರಿ ಗಾಡಿಗಳ ಬೋನೆಟ್ ಅಲ್ಯೂಮಿನಿಯಂನದು. ಅದಕ್ಕೆ ಅಯಸ್ಕಾಂತದ ಆಟ ನಡೆಯದು. ಅಲ್ಲಿ ಲೋಹದೊಳಗೆ ಸಣ್ಣ ಸುಳಿಯಂಥ ಕರೆಂಟು ಹುಟ್ಟಿಸಿ ಅದರ ಪ್ರತಿಕ್ರಿಯೆಯಿಂದ ಲೆಕ್ಕ ಹಾಕುತ್ತೇನೆ. ಎರಡೂ ಬಲ್ಲವನು ನಾನು.

ನಾವು: ಬಂಪರು?

ಮೀಟರ್: ಅದು ಪ್ಲಾಸ್ಟಿಕ್. ಅಡಿಯಲ್ಲಿ ಲೋಹವೇ ಇಲ್ಲದಿದ್ದರೆ ನಾನು ಮೂಕ. ಶಬ್ದದ ಅಲೆ ಕಳಿಸಿ ಪ್ಲಾಸ್ಟಿಕ್ಕಿನ ಮೇಲೂ ಪದರ ಪದರವಾಗಿ ಎಣಿಸುವ ದಾಯಾದಿಗಳು ನನಗಿದ್ದಾರೆ. ಅವರ ಬೆಲೆ ಕೇಳಿದ ದಿನ ಸಾಯಿ ಎರಡು ಲೋಟ ನೀರು ಕುಡಿದಿದ್ದರು.

ನಾವು: ಹಾಗಾದರೆ ಒಂದು ರಾಜಕೀಯ ಪ್ರಶ್ನೆ. ಐದು ವರ್ಷದ ಅವಧಿಯಲ್ಲಿ ಮೂರು ಬಣ್ಣ ಬಳಿದುಕೊಂಡ ಜನಪ್ರತಿನಿಧಿಗಳನ್ನು ನಿಮ್ಮಿಂದ ಅಳೆಸಬಹುದೇ?

ಮೀಟರ್: ಎರಡು ತೊಂದರೆ ಇದೆ. ಒಂದು, ನಾನು ಒಟ್ಟು ದಪ್ಪ ಹೇಳುತ್ತೇನೆಯೇ ಹೊರತು ಒಳಗೆ ಎಷ್ಟು ಕೋಟು, ಯಾವ ಕೋಟಿನ ಮೇಲೆ ಯಾವುದು ಅಂತ ಹೇಳಲಾರೆ. ಇನ್ನೊಂದು ಆಗಲೇ ಹೇಳಿದೆನಲ್ಲ, ಅಡಿಯಲ್ಲಿ ಲೋಹ ಇರಬೇಕು.

ನಾವು: ಮತ್ತೆ ಪಾಲಿಕೆಯ ರಸ್ತೆಗಳು? ಡಾಂಬರಿನ ದಪ್ಪದ ಬಗ್ಗೆ ಜನರಿಗೆ ಭಾರಿ ಕುತೂಹಲವಿದೆ.

ಮೀಟರ್: ಡಾಂಬರಿನ ಅಡಿಯಲ್ಲೂ ಲೋಹವಿಲ್ಲ. ಕೆಲವು ಕಡೆ ಅಡಿಯೇ ಇಲ್ಲ. ನನ್ನನ್ನು ಎಳೆಯಬೇಡಿ, ಸಾಯಿಗೆ ಲೈಸೆನ್ಸ್ ರಿನ್ಯೂವಲ್ ಇದೆ.

ನಾವು: ಸರಿ, ಕಾರಿಗೇ ಬರೋಣ. ಹೊಸ ಕಾರಿನ ಮೇಲೆ ಎಷ್ಟು ಬಣ್ಣ ಇರುತ್ತದೆ?

ಮೀಟರ್: ಕೇಳಿದರೆ ಬೇಜಾರಾಗುತ್ತದೆ. ಕಾರ್ಖಾನೆಯಲ್ಲಿ ಮೊದಲು ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ಕರೆಂಟು ಹಾಯಿಸಿ ಇ-ಕೋಟ್ ಹತ್ತಿಸುತ್ತಾರೆ, ಸುಮಾರು 20 ಮೈಕ್ರಾನ್. ತುಕ್ಕು ತಡೆಯುವುದು ಅದರ ಕೆಲಸ. ಆಮೇಲೆ ಪ್ರೈಮರ್, 30ರ ಆಸುಪಾಸು. ಅದರ ಮೇಲೆ ನೀವು ಷೋರೂಮಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಜಗಳವಾಡಿ ಆರಿಸಿದ ಬಣ್ಣ, ಅಂದರೆ ಬೇಸ್ ಕೋಟ್, ಬರೀ 15ರಿಂದ 20. ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಪದರ ಕ್ಲಿಯರ್ ಕೋಟ್, 35ರಿಂದ 50. ಕೂಡಿಸಿದರೆ ಸಾಮಾನ್ಯವಾಗಿ 100ರಿಂದ 120. ಕೆಲವು ಗಾಡಿಗಳಲ್ಲಿ 80ಕ್ಕೂ ಇಳಿಯುತ್ತದೆ. ಮನುಷ್ಯನ ತಲೆಗೂದಲಿನ ದಪ್ಪ 50ರಿಂದ 100 ಮೈಕ್ರಾನ್. ಮೂರು ತಿಂಗಳು ಬುಕಿಂಗ್ ಮಾಡಿ ಕಾಯ್ದ ಬಣ್ಣ, ಅಂದರೆ ಆ ಬೇಸ್ ಕೋಟ್, ಉದುರಿಬಿದ್ದ ಕೂದಲಿಗಿಂತ ತೆಳು.

ನಾವು: ಅಷ್ಟು ತೆಳುವಾದದ್ದನ್ನು ಮಷೀನು ಹಿಡಿದು ಉಜ್ಜುತ್ತಾರಲ್ಲ!

ಮೀಟರ್: ಅಲ್ಲೇ ನಿಮ್ಮ ಜನರ ತಪ್ಪು ತಿಳಿವಳಿಕೆ ಇರುವುದು. ಪಾಲಿಶ್ ಅಂದರೆ ಏನೋ ಹಚ್ಚುವುದು ಅಂದುಕೊಂಡಿದ್ದಾರೆ. ಕಾಂಪೌಂಡ್ ಪೇಸ್ಟಿನಲ್ಲಿ ಇರುವುದು ಉಜ್ಜುವ ಪುಡಿ. ಗೀರು ಅಂದರೆ ಕ್ಲಿಯರ್ ಕೋಟಿನಲ್ಲಿ ಬಿದ್ದ ಸಣ್ಣ ಹಳ್ಳ. ಪಾಲಿಶ್ ಮಾಡಿದಾಗ ಆ ಹಳ್ಳ ತುಂಬುವುದಿಲ್ಲ. ಹಳ್ಳದ ತಳ ಮುಟ್ಟುವವರೆಗೆ ಸುತ್ತಲಿನ ನೆಲವನ್ನೇ ತಗ್ಗಿಸುತ್ತಾರೆ. ಮೇಲ್ಮೈ ಸಮವಾಯಿತು, ಬೆಳಕು ನೇರ ವಾಪಸ್ ಬಂತು, ನಿಮಗೆ ಹೊಳಪು ಕಂಡಿತು. ಹೊಳಪು ಬರುವುದಲ್ಲ ಸ್ವಾಮಿ, ಬಣ್ಣ ಹೋಗುವುದು! ಹೋದದ್ದು ಪ್ಯಾಡಿನ ಮೇಲೆ ಬಿಳಿ ಕೆಸರಾಗಿ ಕೂತಿರುತ್ತದೆ. ಗಿರಾಕಿ ಅದನ್ನು ನೋಡಿ ‘ಎಷ್ಟು ಕೊಳೆ ಇತ್ತು ನೋಡಿ’ ಅಂತ ಖುಷಿಪಡುತ್ತಾನೆ.

ನಾವು: ಹೋದರೆ ಹೋಗಲಿ, ಪಾರದರ್ಶಕ ಪದರ ತಾನೆ?

ಮೀಟರ್: ಬಿಸಿಲಿನ ನೇರಳಾತೀತ ಕಿರಣವನ್ನು ತಡೆಯುವುದು ಆ ಪದರವೇ. ತೀರ ತೆಳುವಾದರೆ ಒಂದೆರಡು ಬೇಸಿಗೆಯಲ್ಲಿ ಬಾಡಿ, ಬಿಳಿಚಿ, ಚಕ್ಕೆ ಏಳುತ್ತದೆ. ಆಮೇಲೆ ಯಾವ ಪಾಲಿಶ್ಶಿಗೂ ಬಗ್ಗುವುದಿಲ್ಲ, ಇಡೀ ಭಾಗಕ್ಕೆ ಹೊಸದಾಗಿ ಪೇಂಟ್ ಹೊಡೆಸಬೇಕು. ಕ್ಲಿಯರ್ ಕೋಟ್ ಅಂದರೆ ಕಂಪನಿಯವರು ನಿಮ್ಮ ಹೆಸರಿನಲ್ಲಿ ಇಟ್ಟ ಡಿಪಾಸಿಟ್. ತೆಗೆಯಬಹುದು, ಮತ್ತೆ ತುಂಬಲಿಕ್ಕೆ ಬರುವುದಿಲ್ಲ. ನಾನು ಬ್ಯಾಲೆನ್ಸ್ ಹೇಳುವವನು. ಬ್ಯಾಲೆನ್ಸ್ ಹೇಳುವವನನ್ನು ಯಾರಾದರೂ ಪ್ರೀತಿಸಿದ್ದು ಕೇಳಿದ್ದೀರಾ?

ನಾವು: ಇಷ್ಟೊಂದು ಗೀರು ಬೀಳುವುದಾದರೂ ಎಲ್ಲಿಂದ?

ಮೀಟರ್: ನಿಮ್ಮ ಸೊಸೈಟಿಯಿಂದ. ಬೆಳಗಿನ ಐದು ಗಂಟೆಗೆ ಗಾಡಿ ಒರೆಸುವ ಹುಡುಗ ಬರುತ್ತಾನೆ. ಇಪ್ಪತ್ತು ಕಾರು, ಒಂದು ಬಕೆಟ್ಟು, ಒಂದು ಬಟ್ಟೆ. ಅವನನ್ನು ಬಯ್ಯಬೇಡಿ. ಪೈಪ್ ಹಚ್ಚಬಾರದು ಅಂತ ನೋಟಿಸ್ ಹಾಕಿದ್ದು ಕಮಿಟಿ, ಇನ್ನೊಂದು ಬಟ್ಟೆಗೆ ದುಡ್ಡು ಕೊಡಲಾರೆ ಅಂದದ್ದು ಮಾಲೀಕ. ಒಣ ಧೂಳನ್ನು ಒದ್ದೆ ಬಟ್ಟೆಯಲ್ಲಿ ತಿರುಗಿಸಿ ತಿರುಗಿಸಿ ಒರೆಸಿದರೆ ಮೈಮೇಲೆಲ್ಲ ಜೇಡರ ಬಲೆಯಂತೆ ಸುತ್ತುಗೀರು. ಬಿಳಿ ಗಾಡಿಯಲ್ಲಿ ಕಾಣುವುದಿಲ್ಲ, ಕಪ್ಪು ಗಾಡಿಯಲ್ಲಿ ಪೆಟ್ರೋಲ್ ಬಂಕಿನ ಲೈಟಿನಡಿ ನಿಂತರೆ ಮಾನ ಹೋಗುತ್ತದೆ. ಇನ್ನು ಡೊಂಬಿವಲಿ ಕಡೆಯ ಗಾಡಿಗಳ ಕತೆ ಬೇರೆ. 2014ರ ಜನವರಿಯಲ್ಲಿ ಅಲ್ಲಿ ಹಸಿರು ಮಳೆ ಬಿತ್ತು. 2020ರಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿ ಮುಖ್ಯಮಂತ್ರಿಗಳೇ ಬಂದು ನೋಡಬೇಕಾಯಿತು. ಅಲ್ಲಿ ಆಕಾಶ ಮೇಲಿಂದ ಒಂದು ಕೋಟು, ರಸ್ತೆ ಕೆಳಗಿಂದ ಒಂದು ಕೋಟು ಪುಕ್ಕಟೆ ಕೊಡುತ್ತವೆ. ಅವನ್ನೂ ಸೇರಿಸಿ ಅಳೆಯಬೇಕಾ ಅಂತ ಉಸ್ತಾದ್ ಕೇಳುತ್ತಾರೆ. ತೊಳೆದು ಒಣಗಿಸಿ ಆಮೇಲೆ ಅಳೆಯಿರಿ ಅನ್ನುತ್ತೇನೆ. ಮಣ್ಣಿನ ಮೇಲೆ ಮೂತಿ ಒತ್ತಿದರೆ ಮಣ್ಣನ್ನೂ ಬಣ್ಣ ಅಂತಲೇ ಎಣಿಸುತ್ತೇನೆ, ಮೇಲಾಗಿ ಒಂದು ಗೀರನ್ನೂ ಬಿಟ್ಟುಬರುತ್ತೇನೆ.

ನಾವು: ಉಜ್ಜುವ ವಿದ್ಯೆ ಈ ಊರಿಗೆ ಹೊಸತೇನಲ್ಲ, ಅಲ್ಲವೇ?

ಮೀಟರ್: ಹೊಸತೆಲ್ಲಿ ಬಂತು! ಜೀನ್ಸ್ ಪ್ಯಾಂಟಿನ ಊರು ಇದು. ಹೊಸ ಬಟ್ಟೆಯನ್ನು ಕಲ್ಲು ಹಾಕಿ, ರಾಸಾಯನಿಕ ಹಾಕಿ ಉಜ್ಜಿ ಮೊಣಕಾಲು ಸವೆದಂತೆ ಮಾಡುತ್ತಾರೆ, ಬೆಲೆ ಏರುತ್ತದೆ. ನಮ್ಮ ಅಂಗಡಿಯಲ್ಲಿ ಹಳೇ ಗಾಡಿಯನ್ನು ಉಜ್ಜಿ ಹೊಸದರಂತೆ ಮಾಡುತ್ತಾರೆ, ಬೆಲೆ ಏರುತ್ತದೆ. ಹೊಸದನ್ನು ಹಳತು ಮಾಡಿದರೂ ಲಾಭ, ಹಳತನ್ನು ಹೊಸತು ಮಾಡಿದರೂ ಲಾಭ. ಇದ್ದದ್ದನ್ನು ಇದ್ದಂತೆ ಮಾರಿದವನು ಮಾತ್ರ ಇಲ್ಲಿ ಉದ್ಧಾರವಾಗಿಲ್ಲ. ಜೀನ್ಸ್ ತೊಳೆದ ನೀಲಿ ನೀರು ವಾಲಧುನಿ ನದಿಗೆ ಹೋಗುತ್ತದೆಂದು ಬಹಳಷ್ಟು ಘಟಕಗಳಿಗೆ ಬೀಗ ಬಿತ್ತು. ನಮ್ಮ ಕೆಸರು ಪ್ಯಾಡಿನಲ್ಲೇ ಒಣಗುತ್ತದೆ, ಹಾಗಾಗಿ ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ.

(ಈ ಹೊತ್ತಿಗೆ ಎಂಎಚ್ 05 ನಂಬರಿನ ಕಪ್ಪು ಸೆಡಾನ್ ಒಂದು ಒಳಗೆ ಬಂತು. ಮಾಲೀಕರು ಕಲ್ಯಾಣ್ ಕಡೆಯವರು. ಸೆಕೆಂಡ್ ಹ್ಯಾಂಡ್ ಗಾಡಿ, ನವಿಮುಂಬಯಿಯಲ್ಲಿ ಕೊಂಡದ್ದು. ‘ಪೂರಾ ಕಂಪನಿ ಪೇಂಟ್, ಒಂದು ಟಚಪ್ ಕೂಡ ಇಲ್ಲ’ ಎಂದು ಇಳಿಯುವ ಮೊದಲೇ ಹೇಳಿದರು. ಉಸ್ತಾದ್ ಗಾಡಿ ತೊಳೆಸಿ, ಒರೆಸಿ, ಸಂದರ್ಶನ ಅರ್ಧಕ್ಕೆ ನಿಲ್ಲಿಸಿ ಮೀಟರನ್ನು ಎತ್ತಿಕೊಂಡರು. ಮೊದಲು ಬರಿ ಉಕ್ಕಿನ ಬಿಲ್ಲೆಯ ಮೇಲಿಟ್ಟು ಸೊನ್ನೆ ಮಾಡಿದರು, ದಪ್ಪ ಗೊತ್ತಿರುವ ಪ್ಲಾಸ್ಟಿಕ್ ಹಾಳೆ ಇಟ್ಟು ಸರಿ ನೋಡಿದರು. ಆಮೇಲೆ ಬಾಗಿಲು ತೆರೆದು, ಮುಚ್ಚಿದಾಗ ಒಳಗೆ ಅಡಗುವ ಚೌಕಟ್ಟಿನ ಮೇಲೆ ಒತ್ತಿದರು: 74. ಬಿಸಿಲು, ಒರೆಸುವ ಬಟ್ಟೆ, ಪಾಲಿಶ್ ಯಾವುದೂ ಮುಟ್ಟದ ಜಾಗ ಅದು. ಕಂಪನಿಯವರು ಅಲ್ಲಿ ಬಣ್ಣವನ್ನೂ ಜಿಪುಣತನದಿಂದಲೇ ಹೊಡೆದಿರುತ್ತಾರೆ. ಬೋನೆಟ್ಟಿನ ಮೇಲೆ ಚೌಕ ಚೌಕವಾಗಿ ಅಂದಾಜು ಹಾಕಿ ಒಂದೊಂದು ಕಡೆ ಮೂರು ಸಲ ಒತ್ತಿದರು: 108, 111, 104. ಬೋನೆಟ್ಟಿನ ಉಬ್ಬುಗೆರೆಯ ಮೇಲೆ 83. ರೂಫು 115. ಎಡಗಡೆ ಹಿಂದಿನ ಬಾಗಿಲು 276. ಅದರ ಹಿಂದಿನ ಮೂಲೆ 940. ಮಾಲೀಕರ ಮುಖದಲ್ಲಿ ಇದ್ದ ಬಣ್ಣ ಎಷ್ಟು ಮೈಕ್ರಾನ್ ಇಳಿಯಿತೋ ಅಳೆಯಲಿಲ್ಲ.)

ನಾವು: ಈಗ ಈ ಅಂಕಿಗಳನ್ನು ಓದಿ ಹೇಳಿ.

ಮೀಟರ್: 108, 115 ಅಂದರೆ ಕಾರ್ಖಾನೆಯ ಬಣ್ಣ, ಪರವಾಗಿಲ್ಲ. 276 ಅಂದರೆ ಆ ಬಾಗಿಲಿಗೆ ಒಮ್ಮೆ ಗ್ಯಾರೇಜಿನ ಪೇಂಟ್ ಆಗಿದೆ. 940 ಅಂದರೆ ಏಟು ತಿಂದಿದೆ, ತಗಡನ್ನು ಪೂರ್ತಿ ಎತ್ತದೆ ಪುಟ್ಟಿ ತುಂಬಿ ಮೇಲೆ ಬಣ್ಣ ಹೊಡೆದಿದ್ದಾರೆ. ಅದು ಗಾಡಿಯಲ್ಲ ಸ್ವಾಮಿ, ಗಾರೆ ಕೆಲಸ. ನಾನಿಲ್ಲದ ಕಾಲದಲ್ಲಿ ಹುಷಾರು ಜನ ಜೇಬಿನಲ್ಲಿ ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗುತ್ತಿದ್ದರು. ಪುಟ್ಟಿ ದಪ್ಪವಿದ್ದ ಕಡೆ ಅದು ಜಾರಿ ಬೀಳುತ್ತಿತ್ತು. ನಾನು ಆ ಅಯಸ್ಕಾಂತಕ್ಕೆ ಇಂಗ್ಲಿಷ್ ಮೀಡಿಯಂ ಓದಿಸಿದ ಹಾಗೆ.

ನಾವು: ದಪ್ಪ ಇದ್ದರೆ ಒಳ್ಳೆಯದಲ್ಲವೇ? ಧೈರ್ಯವಾಗಿ ಉಜ್ಜಬಹುದು.

ಮೀಟರ್: ಈ ಮಾತು ಕೇಳಿ ಕೇಳಿ ನನ್ನ ಬ್ಯಾಟರಿ ಇಳಿದಿದೆ. 276ರಲ್ಲಿ ಹಳೇ ಬಣ್ಣ ಎಷ್ಟು, ಹೊಸ ಪ್ರೈಮರ್ ಎಷ್ಟು, ಮೇಲಿನ ಕ್ಲಿಯರ್ ಎಷ್ಟು? ನನಗೆ ಗೊತ್ತಾಗುವುದಿಲ್ಲ. ಕ್ಲಿಯರ್ 20 ಮಾತ್ರ ಇದ್ದರೂ ನಾನು 276 ಅಂತಲೇ ಹೇಳುತ್ತೇನೆ. ಮನೆಯಲ್ಲಿ ಹತ್ತು ಜನ ಇದ್ದಾರೆ ಅಂದಮಾತ್ರಕ್ಕೆ ದುಡಿಯುವವರು ಹತ್ತು ಜನ ಅಂತ ಲೆಕ್ಕವೇ? ಇಂಥ ಬಾಗಿಲಿನಲ್ಲಿ ಉಸ್ತಾದ್ ಮೊದಲು ಒಂದು ಮೂಲೆಯಲ್ಲಿ ಸಣ್ಣ ಜಾಗಕ್ಕೆ ಮೆತ್ತನೆಯ ಪ್ಯಾಡು, ಸೌಮ್ಯ ಪಾಲಿಶ್ ಹಾಕಿ ನೋಡುತ್ತಾರೆ. ಅಷ್ಟಕ್ಕೇ ಗೀರು ಹೋದರೆ ಮುಂದಿನ ಖಾರ ಬೇಡ. ಅದು ಅನುಭವ. ನಾನು ಕೊಡುವುದು ಅಂಕಿ. ಅಂಕಿಯನ್ನೇ ಅನುಭವ ಅಂದುಕೊಂಡವರಿಂದ ಬೋನೆಟ್ಟುಗಳು ಸುಟ್ಟಿವೆ.

ನಾವು: ಆ ಉಬ್ಬುಗೆರೆಯ 83 ನೋಡಿ ಉಸ್ತಾದ್ ಟೇಪ್ ಅಂಟಿಸಿದರಲ್ಲ?

ಮೀಟರ್: ಒದ್ದೆ ಬಣ್ಣ ಅಂಚಿನಲ್ಲಿ ನಿಲ್ಲುವುದಿಲ್ಲ, ಇಳಿದು ಪಕ್ಕಕ್ಕೆ ಸರಿಯುತ್ತದೆ. ಹಾಗಾಗಿ ಅಂಚು, ಮೂಲೆ, ಉಬ್ಬುಗೆರೆಗಳಲ್ಲಿ ಕಾರ್ಖಾನೆಯಿಂದಲೇ ಬಣ್ಣ ತೆಳು. ಪ್ಯಾಡಿನ ಭಾರವೆಲ್ಲ ಬೀಳುವುದೂ ಅಲ್ಲಿಯೇ. ಬಡವನಿಗೇ ಏಟು ಹೆಚ್ಚು ಎಂಬ ನಿಯಮ ತಗಡಿಗೂ ಇದೆ. ಟೇಪ್ ಅಂಟಿಸಿದರೆ ಉಳಿಯುತ್ತದೆ. ಬರೀ ಸುತ್ತುವ ರೋಟರಿ ಮಷೀನಿನಲ್ಲಿ ಅಂಥ ಕಡೆ ಒಂದೆರಡು ಕ್ಷಣ ಜಾಸ್ತಿ ನಿಂತರೂ ಬಿಸಿಯೇರಿ ಕ್ಲಿಯರ್ ಹರಿದು ಹೋಗುತ್ತದೆ. ಡ್ಯುಯಲ್ ಆಕ್ಷನ್ ಮಷೀನು ಸುತ್ತುತ್ತಲೇ ಅಲುಗಾಡುತ್ತದೆ, ಅಷ್ಟು ಅಪಾಯ ಇಲ್ಲ, ನಿಧಾನ. ನಿಧಾನವಾದದ್ದರಿಂದ ಈ ಊರಿನಲ್ಲಿ ಅದಕ್ಕೆ ಮರ್ಯಾದೆ ಸ್ವಲ್ಪ ಕಡಿಮೆ.

ನಾವು: ಉಸ್ತಾದ್ ನಿಮ್ಮನ್ನು ಮೊದಲಿನಿಂದಲೂ ನಂಬುತ್ತಿದ್ದರೇ?

ಮೀಟರ್: ಎಲ್ಲಿಂದ! ಅವರು ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಉಜ್ಜಿ ಕಲಿತವರು. ಆ ಕಾಲದ ಬಣ್ಣಕ್ಕೆ ಮೇಲೆ ಕ್ಲಿಯರ್ ಕೋಟ್ ಇರುತ್ತಿರಲಿಲ್ಲ, ಬಣ್ಣವೇ ಮೇಲ್ಪದರ. ಉಜ್ಜಿದ ಬಟ್ಟೆಗೆ ಕಪ್ಪೋ ಹಳದಿಯೋ ಹತ್ತಿದರೆ ‘ಕೆಲಸ ನಡೀತಿದೆ’ ಅಂತ ಅರ್ಥ. ಈಗಿನ ಗಾಡಿಯಲ್ಲಿ ಪ್ಯಾಡಿಗೆ ಬಣ್ಣ ಹತ್ತಿತೆಂದರೆ ಬಹುತೇಕ ‘ಕೆಲಸ ಕೆಟ್ಟಿದೆ’ ಅಂತ ಅರ್ಥ, ಕ್ಲಿಯರ್ ದಾಟಿ ಒಳಗೆ ಹೋಗಿದ್ದಾರೆ. ಕುರ್ಲಾದಲ್ಲಿ ಹುಟ್ಟಿದ ಆ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಮುಂಬಯಿಯ ರಸ್ತೆ ಬಿಟ್ಟವು. ಉಸ್ತಾದರ ಹೆಬ್ಬೆರಳು ಮಾತ್ರ ಇನ್ನೂ ಅದೇ ಕಾಲದಲ್ಲಿದೆ. ಮೊದಲು ಹೆಬ್ಬೆರಳಿನಿಂದ ಸವರಿ ‘ನೂರು ಇರಬೇಕು’ ಅನ್ನುತ್ತಾರೆ. ಆಮೇಲೆ ನನ್ನನ್ನು ಒತ್ತುತ್ತಾರೆ. ನಾನು 104 ಅಂದರೆ ‘ಮೀಟರ್ ಸರಿ ಇದೆ’ ಅಂತಾರೆ. 70 ಅಂದರೆ ‘ಸೆಲ್ ವೀಕು’ ಅಂತಾರೆ.

ನಾವು: ಪಾಲಿಶ್ ಆದಮೇಲೆ ಎಷ್ಟು ಹೋಯಿತು ಎಂದೂ ನೀವೇ ಹೇಳಬೇಕಲ್ಲವೇ? ‘ಬರೀ ಒಂದು ಮೈಕ್ರಾನ್ ತೆಗೆದೆವು, ಗ್ಯಾರಂಟಿ’ ಅಂತ ಕೆಲವರು ಬರೆದುಕೊಡುತ್ತಾರಂತೆ.

ಮೀಟರ್: ಇಷ್ಟು ಹೊತ್ತು ನಗು ತಡೆದುಕೊಂಡಿದ್ದೆ. ಲಘುವಾಗಿ ಉಜ್ಜಿದರೆ ಹೋಗುವುದು ಒಂದೆರಡು ಮೈಕ್ರಾನ್, ಕಾಂಪೌಂಡ್ ಹಾಕಿ ಜೋರಾಗಿ ಉಜ್ಜಿದರೆ ಇನ್ನೂ ಕೆಲವು. ನೀರು ಹಾಕಿ ಸ್ಯಾಂಡ್ ಪೇಪರ್ ಹಿಡಿದರೆ ಅದಕ್ಕೂ ಹೆಚ್ಚು. ಈಗ ನನ್ನ ಯೋಗ್ಯತೆ ಕೇಳಿ. ನನ್ನಂಥ ಮಾಮೂಲಿ ಮೀಟರಿನ ಓದಿನಲ್ಲೇ ಎರಡು ಮೂರು ಮೈಕ್ರಾನ್ ಹೆಚ್ಚುಕಮ್ಮಿ ಇರುತ್ತದೆ. ಮೂತಿ ಸ್ವಲ್ಪ ಓರೆಯಾದರೆ ಬೇರೆ ಅಂಕಿ, ಒಂದಂಗುಲ ಆಚೆ ಇಟ್ಟರೆ ಬೇರೆ ಅಂಕಿ, ಬಿಸಿಲಲ್ಲಿ ಕಾದ ಬೋನೆಟ್ಟಾದರೆ ಮತ್ತೊಂದು. ನನ್ನ ತಪ್ಪು ಅವರ ಪಾಲಿಶ್ಶಿಗಿಂತ ದೊಡ್ಡದು! ದಶಾಂಶ ಬಿಂದುವಿನ ಆಚೆಗೂ ಒಂದು ಅಂಕಿ ತೋರಿಸುತ್ತೇನೆ ನಿಜ, ಅದು ಶೋಕಿಗೆ. ಹತ್ತು ಪೈಸೆಯ ಲೆಕ್ಕ ಬಾಯಲ್ಲಿ ಹೇಳಿ ಹತ್ತು ರೂಪಾಯಿ ಚಿಲ್ಲರೆ ಇಲ್ಲ ಅನ್ನುವ ಕಂಡಕ್ಟರಂತೆ.

ನಾವು: ಹಾಗಾದರೆ ನಿಮ್ಮಿಂದ ಏನು ಪ್ರಯೋಜನ?

ಮೀಟರ್: ಇಂಥ ಪ್ರಶ್ನೆ ಕೇಳಿದ ಮೊದಲ ಪತ್ರಕರ್ತರು ನೀವು, ಸಂತೋಷ. ಎಲ್ಲಿ ಉಜ್ಜಬಾರದು ಅಂತ ಹೇಳುವುದೇ ನನ್ನ ಪ್ರಯೋಜನ. ಎಲ್ಲ ಕಡೆ 110 ಇದ್ದು ಒಂದು ಕಡೆ ಮಾತ್ರ 78 ಬಂದರೆ ಅಲ್ಲಿ ಮೊದಲೇ ಯಾರೋ ಉಜ್ಜಿ ಉಣ್ಣಬೇಕಾದ್ದನ್ನು ಉಂಡು ಹೋಗಿದ್ದಾರೆ ಅಂತ ಅನುಮಾನಪಡಬೇಕು. ಗಾಡಿ ಗಾಡಿಗೂ ಬಣ್ಣ ಬೇರೆ, ಅದಕ್ಕೇ ಅದೇ ಗಾಡಿಯ ಒಂದು ಭಾಗವನ್ನು ಇನ್ನೊಂದಕ್ಕೆ ಹೋಲಿಸಿ ನೋಡಬೇಕು. ಬಾಗಿಲ ಚೌಕಟ್ಟಿನ 74ರ ಹತ್ತಿರಕ್ಕೆ ಬೋನೆಟ್ಟೂ ಇಳಿದಿದ್ದರೆ ಮಷೀನು ಕೆಳಗಿಟ್ಟು ಕೈಮುಗಿಯಬೇಕು. ಇಷ್ಟೇ ನನ್ನ ವಿದ್ಯೆ. ‘ಮಾಡಿ’ ಅಂತ ಹೇಳುವವರು ಬೇಕಾದಷ್ಟು ಜನ, ‘ಬೇಡ’ ಅನ್ನುವುದಕ್ಕೆ ಒಬ್ಬನಾದರೂ ಬೇಕಲ್ಲ.

ನಾವು: ಸೆರಾಮಿಕ್ ಕೋಟಿಂಗ್ ಹಚ್ಚಿದರೆ ಬಣ್ಣ ದಪ್ಪ ಆಗುತ್ತದೆ ಎನ್ನುತ್ತಾರೆ. 9ಎಚ್ ಗಟ್ಟಿತನ, ವಜ್ರದಂತೆ...

ಮೀಟರ್: 9ಎಚ್ ಎನ್ನುವುದು ಪೆನ್ಸಿಲಿನ ಲೆಕ್ಕ. ಎಚ್‌ಬಿ, 2ಎಚ್ ಅಂತ ಶಾಲೆಯಲ್ಲಿ ಕೊಂಡಿರಲ್ಲ, ಅದೇ ಪಂಕ್ತಿಯ ಗಟ್ಟಿ ಪೆನ್ಸಿಲಿನಿಂದ ಗೀಚಿ ನೋಡುವ ಪರೀಕ್ಷೆ. ವಜ್ರದ ಮಾತು ಆ ಪಂಕ್ತಿಯದೇ ಅಲ್ಲ. ಪದರವೋ ಒಂದು ಮೈಕ್ರಾನಿನ ಆಚೀಚೆ. ನನಗೆ ಗೊತ್ತೇ ಆಗುವುದಿಲ್ಲ. ನೀರು ಜಾರುತ್ತದೆ, ತೊಳೆಯುವುದು ಸುಲಭ, ಅಷ್ಟು ಗುಣ ಇದೆ. ಆದರೆ ಹಚ್ಚುವ ಮೊದಲು ಬೋನೆಟ್ಟಿನ ಅಂಚಿನಲ್ಲಿ, ಹಚ್ಚಿದ ಮೇಲೆ ನಡುವಿನಲ್ಲಿ ನನ್ನನ್ನು ಒತ್ತಿ ‘ನೋಡಿ ಸರ್, 22 ಏರಿತು’ ಎನ್ನುವ ಮಹನೀಯರು ಇದ್ದಾರೆ. ನಾನು ಎರಡೂ ಸಲ ಸತ್ಯವನ್ನೇ ಹೇಳಿರುತ್ತೇನೆ. ಎರಡು ಸತ್ಯಗಳನ್ನು ಅಕ್ಕಪಕ್ಕ ನಿಲ್ಲಿಸಿ ಒಂದು ಸುಳ್ಳು ಕಟ್ಟುವ ಕಲೆ ಮನುಷ್ಯರದು.

ನಾವು: ನಿಮ್ಮಿಂದ ತೊಂದರೆಗೊಳಗಾದವರೂ ಇರಬೇಕಲ್ಲ?

ಮೀಟರ್: ಒಬ್ಬರ ಕಾರಿನ ಮುಂಭಾಗದ ಮೇಲೆ ಪಿಪಿಎಫ್ ಅಂಟಿಸಿದ್ದರು. ಅದು ನಿಜವಾದ ದಪ್ಪದ ಪಾರದರ್ಶಕ ಫಿಲಂ, 150ರಿಂದ 200 ಮೈಕ್ರಾನ್. ನಾನು 290 ಅಂದೆ. ಕೊಳ್ಳಲು ಬಂದವನು ‘ಆಕ್ಸಿಡೆಂಟ್ ಗಾಡಿ’ ಎಂದು ಕೂಗಾಡಿ ಹೊರಟುಹೋದ. ಮಾಲೀಕ ಪಾಪದವನು. ಇನ್ನೊಂದು ಗಾಡಿಗೆ ಸುತ್ತಲೂ 105, ಒಂದಂಕಿ ಆಚೀಚೆ ಇಲ್ಲ. ಕೊಂಡವನು ಕುಣಿದಾಡಿದ. ಎರಡು ವಾರದಲ್ಲಿ ಸೀಟಿನಡಿಯಿಂದ ಕೊಳೆತ ಕೆಸರಿನ ವಾಸನೆ. ಉಲ್ಹಾಸ ನದಿ ಉಕ್ಕಿದಾಗ ಕುತ್ತಿಗೆಯವರೆಗೆ ಮುಳುಗಿ ಎದ್ದ ಗಾಡಿ ಅದು. 2005ರ ಜುಲೈ 26ರ ನೆರೆ ನೆನಪಿದೆಯಲ್ಲ, 2019ರ ಜುಲೈಯಲ್ಲಿ ವಾಂಗಣಿ ಬಳಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸೇ ನೀರಿನ ನಡುವೆ ನಿಂತದ್ದೂ? ಇಂಥ ನದಿಯ ದಂಡೆಯಲ್ಲಿ ಗಾಡಿ ಕೊಳ್ಳುವವರು ಮೈ ನೋಡಿದರೆ ಸಾಲದು. ನೆರೆಯ ನೀರು ಬಣ್ಣವನ್ನು ಮುಟ್ಟುವುದಿಲ್ಲ, ವೈರಿಂಗನ್ನು ತಿನ್ನುತ್ತದೆ. ನಾನು ಬಣ್ಣದ ಸಾಕ್ಷಿ, ಚಾರಿತ್ರ್ಯದ ಸಾಕ್ಷಿಯಲ್ಲ.

ನಾವು: ಊರಿನ ಮೇಲೆ ನಿಮ್ಮನ್ನಿಟ್ಟರೆ ಎಷ್ಟು ತೋರಿಸೀತು?

ಮೀಟರ್: ಪದರಕ್ಕೇನು ಬರವೇ! ಅಡಿಯಲ್ಲಿ ಯುದ್ಧಕಾಲದ ಸೈನಿಕ ಕ್ಯಾಂಪು. ಅದರ ಮೇಲೆ ದೇಶ ಒಡೆದಾಗ ಸಿಂಧ್ ಬಿಟ್ಟು ಬಂದ ನಿರಾಶ್ರಿತರು, ಬ್ಯಾರಕ್ಕಿನೊಳಗೆ ಸಂಸಾರ. ಅದರ ಮೇಲೆ 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಶಿಲಾನ್ಯಾಸ ಮಾಡಿದ ಉಲ್ಹಾಸನಗರ ಎಂಬ ಹೊಸ ಕೋಟು. ಆಮೇಲೆ ಫರ್ನಿಚರ್, ಜೀನ್ಸ್, ಎಲೆಕ್ಟ್ರಾನಿಕ್ಸ್, ಮಿಠಾಯಿ. ಕ್ಯಾಂಪು ಹೋಗಿ ಮುಕ್ಕಾಲು ಶತಮಾನವಾದರೂ ವಿಳಾಸ ಮಾತ್ರ ಕ್ಯಾಂಪ್ ಒಂದರಿಂದ ಐದು. ಊರವರು ಹಳೇ ಪದರವನ್ನು ಉಜ್ಜಿ ತೆಗೆದವರಲ್ಲ, ಮೇಲೆ ಮೇಲೆ ಹಚ್ಚಿಕೊಂಡು ಬದುಕಿದವರು. ಕಾರಿನವರು ಇವರಿಂದ ಕಲಿಯಬೇಕಾದ್ದಿದೆ.

ನಾವು: ನಮ್ಮ ಓದುಗರಿಗೆ ನಾಲ್ಕು ಹಿತವಚನ?

ಮೀಟರ್: ಒಂದು: ಒಣಗಾಡಿಯನ್ನು ಒರೆಸಬೇಡಿ, ಮೊದಲು ನೀರು ಸುರಿದು ಧೂಳು ಇಳಿಸಿ. ಎರಡು: ಸೋಪಿಗೊಂದು ಬಕೆಟ್ಟು, ಬಟ್ಟೆ ಜಾಲಿಸಲಿಕ್ಕೆ ಇನ್ನೊಂದು. ಮೂರು: ಪಾಲಿಶ್ ಮಾಡಿಸುವ ಮೊದಲು ಅಳೆಸಿ, ಅಂಕಿಗಳನ್ನು ಕಾಗದದಲ್ಲಿ ಬರೆಸಿಕೊಳ್ಳಿ, ಮುಂದಿನ ಸಲ ಬೇರೆ ಅಂಗಡಿಗೆ ಹೋದರೆ ಅದನ್ನೇ ತೋರಿಸಿ. ನಾಲ್ಕು: ಉಗುರಿಗೆ ತಗಲುವ ಗೀರು ಕ್ಲಿಯರ್ ದಾಟಿರುವ ಸಾಧ್ಯತೆ ಹೆಚ್ಚು, ಅದನ್ನು ಉಜ್ಜಿ ತೆಗೆಯಿರಿ ಎಂದು ಹಟ ಹಿಡಿಯಬೇಡಿ. ಇದ್ದರೆ ಇರಲಿ. ನಿಮ್ಮ ಮೊಣಕಾಲಿನ ಮೇಲೂ ಚಿಕ್ಕಂದಿನ ಗಾಯದ ಗುರುತು ಇರಬಹುದು, ಅದಕ್ಕೆ ಮಷೀನು ಹಿಡಿಸಿಲ್ಲವಲ್ಲ.

ನಾವು: ಕೊನೆಯ ಪ್ರಶ್ನೆ. ವೃತ್ತಿಜೀವನದಲ್ಲಿ ನಿಮಗೆ ಸಿಕ್ಕ ಅತಿ ದೊಡ್ಡ ಗೌರವ ಯಾವುದು?

ಮೀಟರ್: ಥಾಣೆಯಿಂದ ಒಬ್ಬರು ಹಿರಿಯರು ಬಂದಿದ್ದರು, ಹಳೇ ಗಾಡಿ. ನಾನು ಬೋನೆಟ್ಟಿನ ಮೇಲೆ 69 ಅಂದೆ, ರೂಫಿನ ಮೇಲೆ 71. ಅವರು ಕನ್ನಡಕ ಏರಿಸಿ ಅಂಕಿ ನೋಡಿದರು, ಸ್ವಲ್ಪ ಹೊತ್ತು ಯೋಚಿಸಿದರು, ‘ಬೇಡ ಬಿಡಿ ಸಾಯಿ, ಗೀರು ಇದ್ದರೆ ಇರಲಿ, ಬಣ್ಣ ಉಳಿಯಲಿ’ ಎಂದು ಗಾಡಿ ಹತ್ತಿ ಹೊರಟೇಬಿಟ್ಟರು. ಒಬ್ಬ ಗಿರಾಕಿ ನನ್ನ ಮಾತನ್ನು ಪೂರ್ತಿ ಕೇಳಿದ್ದು ಅದೇ ಮೊದಲು. ಎಂಟು ಸಾವಿರದ ಕೆಲಸ ಕೈತಪ್ಪಿತು. ಸಾಯಿ ಏನೂ ಅನ್ನಲಿಲ್ಲ, ನನ್ನನ್ನು ಡ್ರಾಯರಿಗೆ ಹಾಕಿ ಬೀಗ ಜಡಿದರು. ಎರಡು ದಿನ ಕತ್ತಲೆಯಲ್ಲಿ ಇದ್ದೆ. ಮೂರನೇ ದಿನ ಹೊರಗೆ ತೆಗೆದರು. ನೋಡಿದರೆ ಗೋಡೆಯ ಮೇಲೆ ಹೊಸ ಬೋರ್ಡು: ‘ಮೀಟರ್ ಚೆಕಿಂಗ್ 300 ರೂಪಾಯಿ. ಪಾಲಿಶ್ ಮಾಡಿಸಿದರೆ ಫ್ರೀ.’